ಮೂರನೆಯ ಕಾಯಿಲು

ನನಗೆ ಒಂದು ಮರದ ಪೆಟ್ಟಿಗೆಯನ್ನು ಕಂಡರೆ ಹೆದರಿಕೆ. ಅದೇನು ದೊಡ್ಡದಲ್ಲ, ಎಲೆಯಡಿಕೆ ಪೆಟ್ಟಿಗೆಗಿಂತ ಚಿಕ್ಕದು. ದೆವ್ವ ಭೂತ ಎಲ್ಲ ಸುಳ್ಳು ಎಂದು ಹೊಳಲ್ಕೆರೆಯ ಶಾಲೆಯಲ್ಲಿ ಮೇಜು ಕುಟ್ಟಿ ಪಾಠ ಹೇಳುವ ಮೇಷ್ಟ್ರು ನಾನು. ಈ ಮಾತು ನನ್ನ ವಿದ್ಯಾರ್ಥಿಗಳ ಕಿವಿಗೆ ಬೀಳದಿರಲಿ ಎಂದು ನಿಮ್ಮ ಹತ್ತಿರ ಮಾತ್ರ ಹೇಳುತ್ತಿದ್ದೇನೆ.

ಪೆಟ್ಟಿಗೆ ನಮ್ಮಣ್ಣನ ಮೋಟಾರಿನದು. ಯಾರೋ ಬಿಳಿ ದೊರೆ ಮಾರಿಹೋದ ಹಳೆಯ ಕಾರನ್ನು ತಂದು, ಹಿಂದಿನ ಸೀಟು ಕೊಯ್ಯಿಸಿ, ಬಡಗಿಯಿಂದ ಹಲಗೆ ಹೊಡೆಸಿ, ಸಾಮಾನು ಹೊರುವ ಗಾಡಿ ಮಾಡಿದ್ದ. ಹೊಸದುರ್ಗದ ತೆಂಗಿನಕಾಯಿ, ಹಿರಿಯೂರಿನ ಹತ್ತಿ, ಒಮ್ಮೊಮ್ಮೆ ಹಾಲುರಾಮೇಶ್ವರಕ್ಕೆ ಹೊರಟ ಭಕ್ತಾದಿಗಳು, ಎಲ್ಲರಿಗೂ ಅದೇ ಹಲಗೆ. ಚಾಲಕನ ಎದುರಿಗೆ ಒಂದು ಗೂಡು, ಆ ಗೂಡಿನಲ್ಲಿ ಸಾಲಾಗಿ ನಾಲ್ಕು ಮರದ ಪೆಟ್ಟಿಗೆ. ಇವಕ್ಕೆ ಕಾಯಿಲು ಎನ್ನುತ್ತಾರೆ. ಒಳಗೆ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರ ಸುತ್ತು ಸುತ್ತಿ ಡಾಂಬರು ಹೊಯ್ದಿರುತ್ತಾರೆ. ತಲೆಯ ಮೇಲೊಂದು ಉಕ್ಕಿನ ನಾಲಗೆ. ಬ್ಯಾಟರಿಯ ವಿದ್ಯುತ್ತು ಬಂದರೆ ನಾಲಗೆ ಗಡಗಡ ನಡುಗಿ ಗುಂಯ್ ಎನ್ನುತ್ತದೆ, ಅಲ್ಲಿಂದ ಕಿಡಿ ಹುಟ್ಟಿ ಎಂಜಿನ್ನಿಗೆ ಹೋಗುತ್ತದೆ. ಪುಸ್ತಕ ಓದಿ ನಾನು ಇಷ್ಟು ತಿಳಿದಿದ್ದೆ. ಅಣ್ಣ ಪುಸ್ತಕ ಓದಿದವನಲ್ಲ. ಅವನು ಭಜನೆಯ ಏಕತಾರಿಯನ್ನು ಪಕ್ಕಕ್ಕಿಟ್ಟುಕೊಂಡು, ಅದನ್ನೊಮ್ಮೆ ಮೀಟಿ, ಉಕ್ಕಿನ ನಾಲಗೆಯ ತಿರುಪು ಹಿಡಿದು, ಕಾಯಿಲಿನ ದನಿ ಅದರ ಶ್ರುತಿಗೆ ಕೂಡುವ ತನಕ ಬಿಡುತ್ತಿರಲಿಲ್ಲ. ಮೂರನೆಯದರ ಮೇಲೆ ಅವನಿಗೆ ವಿಶೇಷ ಮಮತೆ. ಅದರದು ತಗ್ಗಿದ ದನಿ, ಬೆಳಗ್ಗೆ ಲಿಂಗಪೂಜೆಗೆ ಕೂತಾಗ ಅವನೇ ಗಂಟಲೊಳಗೆ ಗುನುಗುತ್ತಿದ್ದಂತೆ.

ಅಣ್ಣ ಜ್ವರ ಬಂದು ಐದೇ ದಿನಕ್ಕೆ ಹೋಗಿಬಿಟ್ಟ. ಹೋಗಿಬಿಟ್ಟ ಎನ್ನುವುದೂ ತಪ್ಪು. ನಮ್ಮಲ್ಲಿ ಸಾಯುವ ಪದ್ಧತಿಯಿಲ್ಲ, ಲಿಂಗೈಕ್ಯರಾಗುವುದು. ಸೂತಕವಿಲ್ಲ, ಶ್ರಾದ್ಧವಿಲ್ಲ, ಕಾಗೆಗೆ ಪಿಂಡವಿಲ್ಲ. ಅಂಗೈಯಲ್ಲಿ ಲಿಂಗವಿಟ್ಟು, ಪೂಜೆಗೆ ಕೂತ ಹಾಗೆಯೇ ಗುಣಿಯಲ್ಲಿ ಕೂರಿಸಿ, ವಿಭೂತಿ ಹಾಕಿ ಮಣ್ಣು ಮುಚ್ಚಿದರೆ ಮುಗಿಯಿತು. ಹೋದವನು ಶಿವನಲ್ಲಿ ಬೆರೆತ. ಬೆರೆತವನು ದೆವ್ವವಾಗಿ ತಿರುಗುವುದಕ್ಕೆ ಶಾಸ್ತ್ರದಲ್ಲಿ ಅವಕಾಶವೇ ಇಲ್ಲ. ನೆರೆಹೊರೆಯವರಿಗೆ ಇರುವ, ದೆವ್ವವಾಗಿ ಬರುವ ಈ ಅನುಕೂಲ ನಮಗಿಲ್ಲವಲ್ಲ ಎಂದು ನಾನು ಹಿಂದೆ ನಗೆಯಾಡಿದ್ದುಂಟು. ಆ ನಗೆಗೆ ತಕ್ಕ ಶಾಸ್ತಿ ಆಯಿತು.

ಜಂಗಮರಿಗೆ ಊಟ ಹಾಕುವ ಗಣಾರಾಧನೆ ಮುಗಿದ ಮೇಲೆ ಒಂದು ಮಧ್ಯಾಹ್ನ, ಸರಿಯಾಗಿ ಅಣ್ಣ ಊಟಕ್ಕೆ ಬರುವ ಹೊತ್ತಿಗೆ, ಮೋಟಾರು ನಿಲ್ಲಿಸಿದ್ದ ಕೊಟ್ಟಿಗೆಯಿಂದ ಗುಂಯ್ ಎಂಬ ದನಿ ಕೇಳಿತು. ಹುಣಿಸೆಮರದಲ್ಲಿ ಒಂದು ಎಲೆ ಅಲುಗುತ್ತಿರಲಿಲ್ಲ. ನೆರಳಿನಲ್ಲಿದ್ದ ಎತ್ತುಗಳು ಮೆಲುಕು ನಿಲ್ಲಿಸಿ ಕೊಟ್ಟಿಗೆಯ ಕಡೆಗೇ ನೋಡುತ್ತಿದ್ದವು. ಕಣಜವೋ ಜೇನೋ ಇರಬೇಕೆಂದು ಬಾಗಿಲು ನೂಕಿದೆ. ಒಳಗೆ ಯಾರೂ ಇರಲಿಲ್ಲ. ಮೂರನೆಯ ಕಾಯಿಲಿನ ನಾಲಗೆ ನಡುಗುತ್ತಿತ್ತು. ನಾನು ನೋಡುತ್ತಿದ್ದ ಹಾಗೆಯೇ ನಿಂತಿತು.

ಮಾರನೆಯ ದಿನವೂ ಅದೇ ಹೊತ್ತು, ಅದೇ ದನಿ. ಮೂರನೆಯ ದಿನ ಕಂಬಳಿ ಕೊಡಲು ಬಂದಿದ್ದ ಕುರುಬರ ಈರಜ್ಜ ಜಗಲಿಯಲ್ಲಿ ಕೂತು ಕಿವಿಗೊಟ್ಟ. ಹೊಲದಲ್ಲಿ ಒಂಟಿಯಾಗಿ ಕುರಿಹಟ್ಟಿ ಕಾದ ಜೀವ, ಯಾವುದಕ್ಕೂ ಬೆದರುವವನಲ್ಲ.

"ಮೇಷ್ಟ್ರೇ, ಸಾವ್ಕಾರ್ರು ಪೆಟ್ಟಿಗ್ಯಾಗೆ ಕುಂತವ್ರೆ ಕಣ್ರಿ. ಏನೋ ಹೇಳಾದು ಉಳಿದೈತೆ" ಎಂದ, ಮಳೆ ಬರುತ್ತದೆ ಎಂದಷ್ಟೇ ಸಲೀಸಾಗಿ.

ಈ ಮಾತು ಒಳಗಿದ್ದ ಅವ್ವನಿಗೆ ಕೇಳಿಸಿತು. ಅವ್ವನ ಸಂಕಟ ಶುರುವಾದದ್ದು ಅಲ್ಲಿಂದ. ಮಗ ಸತ್ತ ದುಃಖವನ್ನು ಅವಳು ನುಂಗಿಕೊಂಡಿದ್ದಳು, ಶಿವನ ಹತ್ತಿರ ಇದ್ದಾನಲ್ಲ ಎಂಬ ಒಂದೇ ಧೈರ್ಯದಿಂದ. ಪೆಟ್ಟಿಗೆಯಲ್ಲಿ ಕೂತು ಗುನುಗುವವನು ಶಿವನಲ್ಲಿ ಬೆರೆಯುವುದು ಹೇಗೆ? ಹಾಗಾದರೆ ನಾವು ಲಿಂಗ ಸರಿಯಾಗಿ ಇಡಲಿಲ್ಲವೇ? ಅವಳು ಊಟ ಬಿಟ್ಟಳು.

"ಲೇ ತಮ್ಮಾ, ನನ್ ಮಗ ಐಕ್ಯ ಆಗವ್ನೋ ಇಲ್ವೋ ಹೇಳು. ನೀನು ಓದ್ದಾವ್ನು."

ಓದಿದವನು ಏನು ಹೇಳಬೇಕು? ನಾದವೇ ಬ್ರಹ್ಮವೆಂದು ಹಿರಿಯರು ಹೇಳಿದ್ದಾರೆ, ಮುಚ್ಚಿದ ಕಿವಿಯಲ್ಲೂ ದುಂಬಿಯ ದನಿ ಕೇಳುತ್ತದೆಂದು ಯೋಗಿಗಳು ಹೇಳುತ್ತಾರೆ, ಆದರೆ ಬ್ಯಾಟರಿಯ ವಿಚಾರ ಅವರಾರೂ ಎತ್ತಿಲ್ಲ. ಹೇಗೂ ಆ ಮೂರನೆಯ ಕಾಯಿಲು ಸೋತಿತ್ತು, ಏರು ಬಂದರೆ ಗಾಡಿ ಕುಂಟುತ್ತಿತ್ತು. ಅಣ್ಣನೇ ಬೆಂಗಳೂರಿಗೆ ಬರೆದು ಹೊಸ ನಾಲ್ಕನ್ನು ಕಳಿಸಲು ಹೇಳಿದ್ದ. ಅವು ನಮ್ಮೂರ ಸ್ಟೇಷನ್ನಿಗೆ ಪಾರ್ಸಲಿನಲ್ಲಿ ಬಂದು ಬಿದ್ದಿದ್ದವು. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದರೆ ಗಾಡಿಯೂ ನೆಟ್ಟಗಾಗುತ್ತದೆ, ಅವ್ವನೂ ನೆಮ್ಮದಿಯಾಗುತ್ತಾಳೆ ಎಂದುಕೊಂಡೆ.

ಎಂಟನೆಯ ದಿನ ಮಧ್ಯಾಹ್ನ, ಬಿಡಿಸಿ ತಂದ ಪಾರ್ಸಲನ್ನೂ ಸಾಮಾನನ್ನೂ ಹಿಡಿದು ಸ್ವಲ್ಪ ಮುಂಚೆಯೇ ಕೊಟ್ಟಿಗೆಗೆ ಹೋದೆ. ಅಲ್ಲಿ ಅತ್ತಿಗೆ ನಿಂತಿದ್ದರು. ಮೋಟಾರಿನ ಕೀಲಿಯ ಮೇಲೆ ಅವರ ಕೈ, ಕಣ್ಣು ಮುಚ್ಚಿತ್ತು. ಕಾಯಿಲು ಗುಂಯ್ ಎನ್ನುತ್ತಿತ್ತು. ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಅಷ್ಟೇನೇ, ಕೀಲಿ ತಿರುವಿದರೆ ಯಾವ ಕಾಯಿಲಾದರೂ ಕೂಗುತ್ತದೆ! ನಗು ಕೂಡ ಬಂತು. ಆಮೇಲೆ ಅವರ ಮುಖ ನೋಡಿ ನಾಚಿಕೆಯಾಯಿತು.

"ಅವ್ವಗೆ ಹೇಳಬ್ಯಾಡಪ್ಪ" ಎಂದರು. "ನಿಮ್ಮಣ್ಣಾರ ಗಂಟಲು ಇದ್ದಂಗೇ ಐತೆ. ಮೂರು ದಿನದಿಂದ ಬರ್ತಾ ಇದೀನಿ."

"ಎಂಟು ದಿನದಿಂದ ಕೂಗ್ತಾ ಐತಲ್ಲ ಅತ್ತಿಗೇ?"

ಅತ್ತಿಗೆ ಕೀಲಿಯನ್ನು ಹಿಂದಕ್ಕೆ ತಿರುವಿದರು. ದನಿ ನಿಂತಿತು.

"ಮೊದ್ಲು ಅದೇ ಕೂಗ್ತು. ನಾನು ಕೂಗ್ಸಿದ್ದು ಆಮ್ಯಾಲೆ."

ಆ ಉರಿಬಿಸಿಲಿನಲ್ಲಿ ನನ್ನ ಬೆನ್ನು ತಣ್ಣಗಾಯಿತು. ಕೀಲಿ ಸಡಿಲವಾಗಿರಬಹುದು, ಬಿಸಿಲಿಗೆ ತಗಡು ಹಿಗ್ಗಿ ತಂತಿಗೆ ತಂತಿ ತಗುಲಿರಬಹುದು ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ವಿದ್ಯಾರ್ಥಿ ಒಪ್ಪಲಿಲ್ಲ. ಆದರೂ ಕೈ ಕೆಲಸ ಮಾಡಿತು. ಬ್ಯಾಟರಿಯ ತಂತಿ ಬಿಚ್ಚಿ, ಗೂಡಿನ ಮುಚ್ಚಳ ತೆಗೆದು, ನಾಲ್ಕು ಹಳೆಯ ಕಾಯಿಲನ್ನೂ ಎಳೆದು, ವಿದ್ಯುತ್ತು ದಾಟುವ ಹಿತ್ತಾಳೆಯ ಮೊಳೆಗಳನ್ನು ಉಜ್ಜಿ, ಹೊಸವನ್ನು ಕೂರಿಸಿದೆ. ತಂತಿ ಕೊಟ್ಟು ಕೀಲಿ ತಿರುವಿದರೆ ಹೊಸ ಮೂರನೆಯದು ಸೊಳ್ಳೆಯ ದನಿಯಲ್ಲಿ ಕೂಗಿತು. ತಿರುಪು ಹಿಡಿದು ತಗ್ಗಿಸಲು ನೋಡಿದೆ, ಆಗಲಿಲ್ಲ. ಅತ್ತಿಗೆ ಒಳಗೆ ಹೋದರು.

ಮಾರನೆಯ ಮಧ್ಯಾಹ್ನ ಎಲ್ಲಿಯೂ ಸದ್ದಿಲ್ಲ. ಅವ್ವ ಜಗಲಿಗೆ ಬಂದು ಕೂತಳು. ಹಳೆಯ ಮೂರನೆಯ ಕಾಯಿಲನ್ನು ತರಿಸಿ ಎದುರಿಗೆ ಇಡಿಸಿದಳು.

"ಒಡಿ. ಒಳಗೇನೈತೆ ನಾನು ಕಣ್ಣಾರೆ ನೋಡ್ಬೇಕು."

ಒಡೆದರೆ ಡಾಂಬರು, ತಂತಿ, ಕಾಗದ ಬಿಟ್ಟು ಇನ್ನೇನೂ ಇರುವುದಿಲ್ಲ, ಅವ್ವನ ಅನುಮಾನ ಅಲ್ಲಿಗೆ ತೀರುತ್ತದೆ. ಒಡೆದದ್ದು ಮತ್ತೆ ಎಂದೂ ಕೂಗುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು. ಬಾಗಿಲಲ್ಲಿ ಅತ್ತಿಗೆ ಸೆರಗು ಬಾಯಿಗೆ ಒತ್ತಿ ನಿಂತಿದ್ದರು. ನಾನು ಉಳಿಯನ್ನು ಪೆಟ್ಟಿಗೆಯ ಸಂದಿಗೆ ಇಟ್ಟು ಸುತ್ತಿಗೆ ಎತ್ತಿದೆ. ಒಳಗೆ ಏನೂ ಇರದಿದ್ದರೆ ಎಂಬ ಭಯ, ಏನಾದರೂ ಇದ್ದರೆ ಎಂಬ ಭಯಕ್ಕಿಂತ ದೊಡ್ಡದಾಗಿತ್ತು.

ಅವ್ವ ತನ್ನ ಅಂಗೈಯನ್ನು ಪೆಟ್ಟಿಗೆಯ ಮೇಲೆ ಇಟ್ಟುಬಿಟ್ಟಳು.

"ಬ್ಯಾಡ ಬಿಡಪ್ಪ. ಇವತ್ತು ಅವನ ಉಲಿ ಇಲ್ದೆ ಮನೆ ಬಿಕೋ ಅಂತೈತೆ." ಪೆಟ್ಟಿಗೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. "ಐಕ್ಯ ಆಗಾಕೆ ಅವ್ನಿಗೇನು ಅಂಥ ಅವಸರ? ಶಿವ ಎಲ್ಲಿಗೆ ಓಡಿಹೋಗ್ತಾನೆ? ಇದನ್ನ ಇದ್ದಲ್ಲೇ ಇಡು."

ಏರಿನಲ್ಲಿ ಗಾಡಿ ಕುಂಟುತ್ತದೆ ಅವ್ವಾ ಎಂದೆ. ಕುಂಟಲಿ ಎಂದಳು.

ಹೊಸದನ್ನು ತೆಗೆದು ಹಳೆಯದನ್ನು ಮತ್ತೆ ಗೂಡಿನ ಮೂರನೆಯ ಜಾಗಕ್ಕೆ ತಳ್ಳಿದೆ. ಅವ್ವ ಕೊಟ್ಟಿಗೆಯ ಹೊಸ್ತಿಲ ತನಕ ಬಂದಿದ್ದಳು. ನಾನು ಕೀಲಿಗೆ ಕೈ ಹಾಕಿದರೆ ತಡೆದಳು.

"ನೀನು ಬ್ಯಾಡ. ನಿಮ್ಮತ್ತಿಗೇನ ಕರಿ. ಅವಳ ಕೈಗೆ ರೂಢಿ ಐತೆ."