ಅಡ್ಡ ಬಡಿದ ಗುಂಡುಗಳು

ನಮ್ಮ ಯಜಮಾನರು ಮಿಲಿಟರಿಯಿಂದ ನಿವೃತ್ತರಾಗಿ ಬಂದ ಮೇಲೂ ಬಿಡದ ಹವ್ಯಾಸ ಒಂದೇ, ಮುನ್ನೂರು ಮೀಟರ್ ದೂರದ ಗುರಿಗೆ ರೈಫಲ್ ಹೊಡೆಯುವ ಸ್ಪರ್ಧೆ. ಕಳೆದ ವರ್ಷ ಒಂದು ದಿನ ಅಭ್ಯಾಸ ಮುಗಿಸಿ ಬಂದವರು, ತೂತುಗಳು ಚೆಲ್ಲಾಪಿಲ್ಲಿಯಾಗಿದ್ದ ಗುರಿಹಾಳೆಯನ್ನು ಅಡುಗೆಮನೆ ಕಟ್ಟೆಯ ಮೇಲೆ ಎಸೆದು, "ಕೈ ಹೋಯ್ತು ಕಣೇ. ನಮ್ಮಪ್ಪನ ನಡುಕವೇ ಬಂತು. ರೈಫಲ್ ಮಾರಿಬುಡಾನ" ಅಂದರು.

ಅವರಪ್ಪನಿಗೆ ಕೊನೆಗಾಲದಲ್ಲಿ ತುತ್ತಿಡುತ್ತಿದ್ದವಳು ನಾನೇ. ಮತ್ತೆ ಅದೇ ಸೇವೆಯೇ ಸ್ವಾಮಿ, ಎಂದು ದೇವರ ಮುಂದೆ ಕೂತೆ. ಬೇಡಿಕೊಳ್ಳುವುದಕ್ಕೂ ತ್ರಾಣವಿರಲಿಲ್ಲ.

ಹಾಳೆ ಮಡಿಚಿಡಲು ಹೋದಾಗ ನೋಡಿದೆ. "ತೂತು ಯಾಕ್ರೀ ಹಿಂಗೆ ಉದ್ದುದ್ದಕ್ಕವೆ?" ಅಂದೆ. ಅವರು ಹಾಳೆ ಕಿತ್ತುಕೊಂಡು ಬೆಳಕಿಗೆ ಹಿಡಿದು ನೋಡಿದರು. ತುರುವೇಕೆರೆಯಲ್ಲಿರುವ ಸ್ನೇಹಿತರಿಗೆ ಫೋನ್ ಮಾಡಿದರು. ಮಿಲಿಟರಿಯಲ್ಲಿ ಬಂದೂಕು ರಿಪೇರಿ ನೋಡಿಕೊಳ್ಳುತ್ತಿದ್ದವರು. ಮರುದಿನವೇ ಬಂದು ಹಾಳೆ ನೋಡಿ ಕೇಳಿದರು:

"ಗುಂಡು ಬದಲಾಯಿಸಿದ್ಯೇನ್ಲಾ?"

"ಭಾರದ್ದು ತಂದೆ ಕಣ್ಲಾ. ಗಾಳಿಗೆ ಜಗ್ಗಲ್ಲ ಅಂತ."

"ಕೊಬ್ಬರಿ ಕೊಂಡಂಗೆ ಅಂಗೈಲಿ ತೂಗಿ ಕೊಂಡಿದ್ದೀಯ."

ನಮ್ಮ ಕಡೆ ಎಲ್ಲರೂ ಹಾಗೆಯೇ, ಕೈಗೆ ಭಾರ ಸಿಕ್ಕಿದರೆ ಮಾಲು ಒಳ್ಳೆಯದು. ನನಗೆ ನಗಲೂ ಆಗಲಿಲ್ಲ.

ಸ್ನೇಹಿತರು ರೈಫಲ್ ಖಾಲಿಯಿದೆಯೆಂದು ಖಾತ್ರಿ ಮಾಡಿಕೊಂಡು, ಸ್ವಚ್ಛ ಮಾಡುವ ಸರಳಿಗೆ ಬಿಗಿಯಾಗಿ ಬಟ್ಟೆ ಸುತ್ತಿ ನಳಿಗೆಯೊಳಗೆ ತಳ್ಳಿದರು. ಒಳಗಿನ ಸುರುಳಿ ಗೀರುಗಳ ಹಿಡಿತಕ್ಕೆ ಸರಳು ತಾನಾಗಿ ತಿರುಗುತ್ತಾ ಹೋಯಿತು. ಪೂರ್ತಿ ಒಂದು ಸುತ್ತು ಮುಗಿಯುವಷ್ಟರಲ್ಲಿ ಹನ್ನೆರಡು ಇಂಚು ಒಳಕ್ಕೆ ಹೋಗಿತ್ತು. ಟೇಪು ಹಿಡಿದವಳು ನಾನು.

"ಭಾರದ ಗುಂಡು ಉದ್ದ ಇರ್ತದೆ. ಅದು ನೆಟ್ಟಗೆ ಹೋಗ್ಬೇಕಾದ್ರೆ ಜೋರಾಗಿ ಗಿರಗಿರ ಸುತ್ತಬೇಕು, ಎಂಟು ಇಂಚಿಗೇ ಒಂದು ಸುತ್ತು ಬೇಕು. ನಿನ್ ಬ್ಯಾರಲ್ ಸುತ್ತು ನಿಧಾನ. ಅದಕ್ಕೇ ದಾರೀಲಿ ಮಗುಚ್ಕಂಡು ಅಡ್ಡ ಬಡಿದವೆ" ಅಂದರು ಸ್ನೇಹಿತರು.

"ಹಂಗಾದ್ರೆ ಕೈ?"

"ಕೈಗೇನಾಗಿದೆ? ತಲೆ ತೋರಿಸ್ಕೊ."

ಯಜಮಾನರು ಎದ್ದು ಹಿತ್ತಲಿಗೆ ಹೋದರು. ಬಹಳ ಹೊತ್ತು ಒಳಗೆ ಬರಲಿಲ್ಲ. ನಾನೂ ಕರೆಯಲಿಲ್ಲ.

ಮುಂದಿನ ಅಭ್ಯಾಸಕ್ಕೆ ಮೊದಲಿನ ಹಗುರದ ಗುಂಡನ್ನೇ ಒಯ್ದರು. ತಂದ ಹಾಳೆಯಲ್ಲಿ ತೂತುಗಳು ದುಂಡಗೆ, ಒತ್ತೊತ್ತಾಗಿದ್ದವು. ಒಂದೆರಡು ಮಾತ್ರ ಗಾಳಿಗೆ ಬಲಕ್ಕೆ ಸರಿದಿದ್ದವು. ಅದನ್ನೇ ಗೊಣಗುತ್ತಾ, ಗಾಳಿಯನ್ನು ಬೈಯುತ್ತಾ ಊಟ ಮಾಡಿದರು. ಗೊಣಗಲಿ ಎಂದು ನಾನು ಇನ್ನೊಂದು ಸೌಟು ಸಾರು ಬಡಿಸಿ, ಗೋಡೆಗೆ ಒರಗಿ ಕೂತೆ.