ಎಂಟು ದಿನ ಕಾಯುವ ಕತ್ತರಿ

ಕೂಡ್ಲಿಗಿಯಿಂದ ಹರಪನಹಳ್ಳಿ ಬಸ್ಸು ಬೆಳಿಗ್ಗೆ ಏಳಕ್ಕೆ ಹೊರಟಿತು. ಪುಷ್ಯದ ಚಳಿ, ನನ್ನ ಪಕ್ಕದ ಕಿಟಕಿಗೆ ಗಾಜಿಲ್ಲ. ಟಿಕೆಟ್ ಹದಿನೈದು ರೂಪಾಯಿ. ಕಂಡಕ್ಟರ್ ನನ್ನ ಸೂಟ್‌ಕೇಸನ್ನು ಕಾಲಿನಿಂದ ಸರಿಸಿ, "ಏನೂ ಇಲ್ಲಲ್ರಿ ಅಮ್ಮಾ ಇದ್ರಾಗ. ಗಾಳಿ ತುಂಬ್ಕೊಂಡು ಹೊಂಟೀರೇನು?" ಎಂದ.

"ಬರುವಾಗ ತುಂಬಿರುತ್ತಪ್ಪ," ಎಂದೆ.

ತುಂಬಿ ತರಬೇಕಾಗಿದ್ದದ್ದು ನನ್ನ ತಂಗಿ ಸರೋಜಳ ಒಂಬತ್ತು ಇಳಕಲ್ ಸೀರೆಗಳನ್ನು. ಅವಳು ತೀರಿಕೊಂಡ ಮೇಲೆ ಹನ್ನೊಂದು ವರ್ಷ ನನ್ನ ಟ್ರಂಕಿನಲ್ಲೇ ಇದ್ದವು. ಹಿಂದಿನ ವಾರ, ಈ ವಯಸ್ಸಿನಲ್ಲಿ ಇಷ್ಟು ಸೆಂಟಿಮೆಂಟಲ್ ಆಗಬಾರದು ಎಂದುಕೊಂಡು, ಅವನ್ನು ಕತ್ತರಿಸಿ ಹೊದೆಯುವ ಕೌದಿ ಹೊಲಿಸಲು ಹರಪನಹಳ್ಳಿಯ ಹುಲಿಗೆಮ್ಮನಿಗೆ ಪಕ್ಕದ ಮನೆಯವರ ಕೈಲಿ ಕಳಿಸಿಬಿಟ್ಟಿದ್ದೆ. ಡಿಸಿಶನ್ ಅಂದರೆ ಡಿಸಿಶನ್ ಎಂದು ಕಾನ್ವೆಂಟಿನಲ್ಲಿ ಕಲಿತವಳು ನಾನು. ಆರು ದಿನ ಆ ಪಾಠಕ್ಕೆ ನಿಷ್ಠಳಾಗಿದ್ದೆ. ಏಳನೆಯ ದಿನ ಬಸ್ ಹತ್ತಿದೆ.

ಕೊಟ್ಟೂರಿನಲ್ಲಿ ಬಸ್ಸು ಇಪ್ಪತ್ತು ನಿಮಿಷ ನಿಂತಿತು. ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡೆ, ತಿನ್ನಲಾಗಲಿಲ್ಲ. ಕತ್ತರಿ ಈಗ ಎಷ್ಟನೆಯ ಸೀರೆಗೆ ಬಂದಿರಬಹುದು ಎಂಬುದೇ ತಲೆಯಲ್ಲಿ. ನೀಲಿಯದೊಂದು ಉಳಿದಿದ್ದರೂ ಸಾಕಿತ್ತು.

ಹುಲಿಗೆಮ್ಮ ಮನೆಯ ಕಟ್ಟೆಯ ಮೇಲೆ ಯಾರದೋ ಕೌದಿ ಹರವಿಕೊಂಡು ಹೊಲಿಯುತ್ತಿದ್ದಳು. ಸೂಟ್‌ಕೇಸ್ ನೋಡಿದವಳೇ ನಕ್ಕಳು.

"ಕೂಡ್ಲಿಗಿ ಟೀಚರಮ್ಮ ಅಲ್ರಿ? ಬರ್ರಿ. ನಿಮ್ಮ ಗಂಟು ಬಿಚ್ಚೇ ಇಲ್ಲ."

"ವಾರ ಆಯ್ತಲ್ಲಮ್ಮ."

"ಸತ್ತೋರ ಸೀರಿಗೆ ಎಂಟು ದಿನ ಕತ್ರಿ ಹಚ್ಚಲ್ರಿ ನಾನು. ಕೊಟ್ಟೋರು ವಾಪಸ್ ಬರ್ತಾರ. ಅಳ್ಕೋತ ಬರ್ತಾರ, ಜಗಳಕ್ಕ ಬರ್ತಾರ. ನೀವು ಪೆಟ್ಟಿಗಿ ತಂದೀರಿ, ಚಲೋ ಆತು."

ಒಳಗಿನಿಂದ ಗಂಟು ತಂದುಕೊಟ್ಟಳು. ನನಗೆ ಎಂಬರಾಸಿಂಗ್ ಅನಿಸಿತು. ಸೂಟ್‌ಕೇಸಿಗೆ ಹಾಕುವ ಮೊದಲು ನೀಲಿ ಸೀರೆ ಬಿಡಿಸಿದೆ. ಮಡಿಕೆಯ ಗುಂಟ ಅದು ಸದ್ದಿಲ್ಲದೆ ಬಾಯಿಬಿಟ್ಟಿತು. ಇನ್ನೊಂದು ಬಿಡಿಸಿದೆ, ಮತ್ತೊಂದು. ಎಲ್ಲವೂ ಮಡಿಚಿದಲ್ಲೇ ಸೀಳಿದ್ದವು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನಾನು ಮಡಿಕೆ ಬದಲಿಸಿರಲಿಲ್ಲ, ಮುಟ್ಟಲು ಹೆದರಿ.

"ನನಗಿಂತ ಮೊದ್ಲು ನಿಮ್ಮ ಟ್ರಂಕೇ ಕತ್ರಿ ಹಾಕೇತಲ್ರಿ," ಎಂದಳು ಮೆಲ್ಲಗೆ.

ಬಿಡಿಸಿದ ಸೀರೆಗಳನ್ನೆಲ್ಲ ಅವಳ ಮುಂದೆ ಸರಿಸಿದೆ. ಆಮೇಲೆ, "ಹೊಲಿ," ಎಂದೆ.

"ಇನ್ನೊಂದು ಎಂಟು ದಿನ ಇಡ್ಲೇನ್ರಿ?"

"ಬೇಡ. ಈಗಲೇ."

ಮೊದಲ ಕತ್ತರಿಯನ್ನು ನನ್ನ ಕೈಯಿಂದಲೇ ಹಾಕಿಸಿದಳು. ಕೌದಿ ಹಸಿದಿರಬಾರದು ಎಂದು ಮುಗಿಸುವ ಮುಂಚೆ ಅದರೊಳಗೆ ನಾಲ್ಕು ಕಾಳು ಅಕ್ಕಿ ಇಟ್ಟು ಹೊಲಿಯುವುದು ಅವರ ಪದ್ಧತಿ. ಆ ಅಕ್ಕಿಯನ್ನೂ ಡಬ್ಬಿಯಿಂದ ನನ್ನ ಕೈಯಲ್ಲೇ ತೆಗೆಸಿ, ಕೊನೆಗೆ ಬೇಕಾಗುತ್ತದೆಂದು ನೀಲಿ ತುಂಡಿನಲ್ಲಿ ಗಂಟು ಕಟ್ಟಿಟ್ಟಳು.

"ಯಾರು ಹೊದಿಯಾಕ್ರಿ ಇದು?"

"ನಾನೇ."

ಸಂಜೆಯ ಬಸ್ಸಿನಲ್ಲಿ ಅದೇ ಕಂಡಕ್ಟರ್. ಸೂಟ್‌ಕೇಸ್ ಎತ್ತಿ ನೋಡಿದ.

"ಇನ್ನೂ ಖಾಲಿನೇ ಐತಲ್ರಿ ಅಮ್ಮಾ. ಹೋದ ಕೆಲ್ಸ ಆಗ್ಲಿಲ್ಲೇನು?"

"ಆಗಲಿಲ್ಲಪ್ಪ," ಎಂದು ತಣ್ಣಗಾದ ಮಿರ್ಚಿಯ ಪೊಟ್ಟಣ ಬಿಚ್ಚಿ ಅವನಿಗೂ ಒಂದು ಕೊಟ್ಟೆ.

ಕೊಟ್ಟೂರು ದಾಟಿದ ಮೇಲೆ ಚಳಿ ಏರಿತು. ಕೌದಿ ಯಾವತ್ತು ಕೊಡುತ್ತಾಳೆಂದು ಹುಲಿಗೆಮ್ಮನನ್ನು ಕೇಳಲೇ ಇಲ್ಲವೆಂಬುದು ಆಗ ನೆನಪಾಯಿತು. ಈ ಚಳಿಗಾಲ ಮುಗಿಯುವುದರೊಳಗೇ ಬೇಕಿತ್ತು.