ಒಂದೇ ಬಾಣಲೆ, ಎರಡು ಅಡುಗೆ

ಹನೂರಿನ ಶಾಲೆಗೆ ಟೀಚರಾಗಿ ಸೇರಿದಾಗ ನನ್ನ ಹತ್ತಿರ ಒಂದು ಟ್ರಂಕು, ಒಂದು ಚಾಪೆ, ಎರಡು ತಟ್ಟೆ ಇದ್ದವು. ಬಾಣಲೆ ಇರಲಿಲ್ಲ. ಅದು ಇದ್ದದ್ದು ನನ್ನ ಜೊತೆ ಕೋಣೆ ಹಂಚಿಕೊಂಡ ಇನ್ನೊಬ್ಬ ಟೀಚರ ಬಳಿ. ಅವಳು ಮಾರ್ಟಳ್ಳಿಯವಳು, ಮನೆಮಾತು ತಮಿಳು, ಚರ್ಚಿಗೆ ಹೋಗುವ ಕುಟುಂಬ. ನನಗಿಂತ ಮೂರು ವರ್ಷ ಚಿಕ್ಕವಳಾದ್ದರಿಂದ ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಕೋಣೆ ಒಬ್ಬ ಸಾಬರ ಮನೆಯ ಹಿತ್ತಲಿನದು. ಹೆಂಚಿನ ಸೂರು, ಮುಂದೆ ಇಬ್ಬರು ಕೂರುವಷ್ಟು ಜಗಲಿ, ಒಳಗೆ ಒಂದು ಸೀಮೆಎಣ್ಣೆ ಸ್ಟವ್ವು. ಏನು ಬೇಯಿಸುತ್ತೀರಿ ಎಂದು ಆ ಮನೆಯವರು ಒಂದು ದಿನವೂ ಕೇಳಿದವರಲ್ಲ. ಅಂಥ ಮನೆಯಲ್ಲಿ ಇದ್ದುಕೊಂಡೇ ನಾನು ಊಟದ ವಿಷಯದಲ್ಲಿ ಸುಳ್ಳು ಹೇಳಿದೆ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ಶಾಲೆ ಮುಗಿಸಿ, ತಿದ್ದಬೇಕಾದ ಕಾಪಿ ಪುಸ್ತಕಗಳನ್ನು ಹೊತ್ತು, ಐದೂವರೆಗೆಲ್ಲ ಕೋಣೆಗೆ ಬರುತ್ತಿದ್ದೆವು. ಮಕ್ಕಳ ಮುಂದೆ ದಿನವಿಡೀ ಕಿರುಚಿದ ಮೇಲೆ ಮುದ್ದೆ ತೊಳಸುವ ಕಸುವು ಇಬ್ಬರಿಗೂ ಉಳಿದಿರುತ್ತಿರಲಿಲ್ಲ. ಹಾಗಾಗಿ ಶಾಲೆಯಿದ್ದ ದಿನಗಳಲ್ಲಿ ನಮ್ಮದು ಶಾವಿಗೆ. ಭಾನುವಾರ ಊರಿಗೆ ಹೋಗಿ ಬರುವಾಗ ಅವಳು ಒಣಗಿಸಿದ ದನದ ಬಾಡು ತರುತ್ತಿದ್ದಳು. ಉಪ್ಪು ಅರಿಸಿನ ಸವರಿ, ಉದ್ದುದ್ದ ಸೀಳಿ, ಬಿಸಿಲಿಗೆ ನೇತುಹಾಕಿ ಒಣಗಿಸಿದ್ದು. ನಮ್ಮ ಕಡೆ ಅದನ್ನು ಕೊರಬಾಡು ಅನ್ನುತ್ತೇವೆ. ಬೆಳಿಗ್ಗೆ ಹೊರಡುವ ಮುಂಚೆ ಒಂದು ಹಿಡಿಯನ್ನು ಬಿಸಿನೀರಿಗೆ ಹಾಕಿ ಮುಚ್ಚಿಟ್ಟರೆ ಸಂಜೆಗೆ ಬೆರಳಿಗೆ ಬಗ್ಗುವಷ್ಟು ಮೆದುವಾಗಿರುತ್ತಿತ್ತು. ಅದನ್ನು ಗುಂಡುಕಲ್ಲಿನಿಂದ ಜಜ್ಜಿ ಎಳೆ ಎಳೆಯಾಗಿ ಬಿಡಿಸುವಳು. ಬಾಣಲೆಗೆ ಎಣ್ಣೆ, ಈರುಳ್ಳಿ, ಬೆಳ್ಳುಳ್ಳಿ; ಅದು ಕೆಂಪಗಾದ ಮೇಲೆ ಬಾಡು, ಖಾರದ ಪುಡಿ, ಧನಿಯ, ಕಡೆಗೆ ಒಂದಿಷ್ಟು ಮೆಣಸು. ನೀರು ಹೊಯ್ದು, ಬಾಡು ಬೆಂದ ಮೇಲೆ ಅಂಗಡಿಯ ಒಣ ಶಾವಿಗೆ ಮುರಿದು ಹಾಕಿ ತಟ್ಟೆ ಮುಚ್ಚಿದರೆ ಮುಗಿಯಿತು. ನೀರನ್ನೆಲ್ಲ ಶಾವಿಗೆ ಕುಡಿದುಬಿಡಬೇಕು, ತಳ ಒಂದಿಷ್ಟು ಹಿಡಿಯಬೇಕು. ಆ ತಳ ಹಿಡಿದದ್ದರಲ್ಲೇ ರುಚಿಯೆಲ್ಲ ಇರುವುದು.

ಇದೆಲ್ಲ ನಾನು ನೋಡಿ ಕಲಿತದ್ದಲ್ಲ, ಮೂಗಿನಿಂದ ಕಲಿತದ್ದು. ಅವಳು ಅಡುಗೆ ಮಾಡುವಾಗ ನಾನು ಒಳಗೆ ಇರುತ್ತಲೇ ಇರಲಿಲ್ಲ.

ಮೊದಲ ಸಂಜೆ ಅವಳು ತಟ್ಟೆ ಮುಂದೆ ಹಿಡಿದು, "ಅಕ್ಕಾ, ಇದು ದನದ್ದು. ನೀವು ತಿಂತೀರಾ?" ಎಂದು ಕೇಳಿದ್ದಳು. "ನಾವು ತಿನ್ನಲ್ಲ" ಎಂದುಬಿಟ್ಟೆ. ನಾವು ಅಂದರೆ ಯಾರು? ಯಳಂದೂರು ತಾಲ್ಲೂಕಿನ ಅಗರದಲ್ಲಿ, ನಮ್ಮ ಕೇರಿಯಲ್ಲಿ, ಅದನ್ನು ತಿನ್ನದವರೆಂದರೆ ಹಲ್ಲು ಬಾರದ ಕೂಸುಗಳು ಮಾತ್ರ. ಅವ್ವ ಕೊರಬಾಡಿನ ಸಾರು ಕಾಯಿಸಿದ ದಿನ ನಾನು ತಟ್ಟೆ ನೆಕ್ಕಿ, ಬೈಸಿಕೊಂಡು ಏಳುತ್ತಿದ್ದೆ. ಆದರೆ ಟ್ರೈನಿಂಗಿನ ಹಾಸ್ಟೆಲಿನಲ್ಲಿ, ನಮ್ಮ ಮನೆಯ ಊಟ ಯಾವುದೆಂದು ತಿಳಿದ ದಿನ, ಪಕ್ಕದ ಹುಡುಗಿ ತನ್ನ ನೀರಿನ ಚೊಂಬನ್ನು ನನ್ನ ಹತ್ತಿರದಿಂದ ಎತ್ತಿ ಆಚೆ ಗೋಡೆಗೆ ಇಟ್ಟುಕೊಂಡಿದ್ದಳು. ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ, ಚೊಂಬು ಎತ್ತಿಟ್ಟಳು ಅಷ್ಟೆ. ಆಮೇಲಿಂದ ಯಾರು ಕೇಳಿದರೂ "ನಾವು ತಿನ್ನಲ್ಲ" ಎನ್ನುವುದು ನನ್ನ ಬಾಯಿಗೆ ರೂಢಿಯಾಗಿತ್ತು. ಹನೂರಿನ ಹೆಡ್ಮಾಸ್ಟರಿಗೆ ಕಾಗದಪತ್ರದಿಂದ ನನ್ನ ಜಾತಿ ಗೊತ್ತಿತ್ತು. ಒಳ್ಳೆಯ ಮನುಷ್ಯ, ಬಾಯಿ ಬಿಡಲಿಲ್ಲ. ಉಳಿದವರು ತಮಗೆ ತೋಚಿದ್ದನ್ನು ಅಂದುಕೊಂಡರು, ನಾನೂ ಸುಮ್ಮನಿದ್ದೆ.

ಈಗ ಕೇಳುತ್ತಿರುವವಳು ತಾನೇ ಅದನ್ನು ತಿನ್ನುವವಳು ಎಂದು ಹೊಳೆಯುವಷ್ಟರಲ್ಲಿ ಮಾತು ಬಾಯಿಂದ ಹೊರಟುಹೋಗಿತ್ತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಮಾರನೆಯ ದಿನದಿಂದ ಅವಳೊಂದು ಕ್ರಮ ಮಾಡಿಕೊಂಡಳು. ಬಾಣಲೆಯನ್ನು ಬೂದಿ ಹಾಕಿ ತಿಕ್ಕಿ, ಮೊದಲು ನನ್ನ ಶಾವಿಗೆ, ಬರೀ ಈರುಳ್ಳಿ ಹಸಿಮೆಣಸಿನಕಾಯಿಯದು. ಅದನ್ನು ಬಿಸಿಬಿಸಿಯಾಗಿ ಜಗಲಿಗೆ ತಂದುಕೊಟ್ಟು, ಒಳಗೆ ಹೋಗಿ ಆಮೇಲೆ ತನ್ನದು. ಬೇಗ ಮುಗಿಯಲಿ ಎಂದು ಒಂದೇ ಬಾಣಲೆಯಲ್ಲಿ ಮಾಡುವ ಅಡುಗೆಯನ್ನು ನನ್ನ ದೆಸೆಯಿಂದ ಅವಳು ದಿನಕ್ಕೆ ಎರಡು ಸಲ ಮಾಡುತ್ತಿದ್ದಳು. ನಾನು ಉಂಡು ಕೈ ತೊಳೆಯುವಾಗ ಅವಳು ಇನ್ನೂ ಬಾಡು ಜಜ್ಜುತ್ತಿರುತ್ತಿದ್ದಳು. ಒಳಗಿನಿಂದ ಘಮ ಬರುವಾಗ ನನ್ನ ಬಾಯಲ್ಲಿ ನೀರೂರುತ್ತಿತ್ತು. ನಾಳೆ ಹೇಳಿಬಿಡೋಣ ಎಂದುಕೊಳ್ಳುವೆ. ಒಂದು ತಿಂಗಳಾಯಿತು, ಆರು ತಿಂಗಳಾಯಿತು. ಹೇಳಿದರೆ ಜಾತಿಯೂ ತಿಳಿದು ಅವಳು ನನ್ನ ಜೊತೆ ಉಳಿಯುವಳೋ ಇಲ್ಲವೋ ಎನ್ನುವ ಭಯ ಬೇರೆ. ಆ ಊರಿನಲ್ಲಿ ನನಗಿದ್ದ ಗೆಳತಿ ಅವಳೊಬ್ಬಳೇ. ಹೀಗೆ ಹೆದರಿಕೊಂಡೇ ಎರಡು ವರ್ಷ ಕಳೆದೆ.

ಒಂದು ಬುಧವಾರ ಸಂಜೆ ಬರುವಷ್ಟರಲ್ಲಿ ಅವ್ವ ಜಗಲಿಯ ಮೇಲೆ ಕೂತಿದ್ದಳು. ಅಗರದಿಂದ ಯಳಂದೂರು, ಅಲ್ಲಿಂದ ಕೊಳ್ಳೇಗಾಲ, ಮತ್ತೆ ಹನೂರು ಬಸ್ಸು; ಕಂಡಕ್ಟರನನ್ನೂ ದಾರಿಯವರನ್ನೂ ಕೇಳಿಕೊಂಡು ಒಬ್ಬಳೇ ಬಂದಿದ್ದಳು. ಕಂಡವರ ಗದ್ದೆಯಲ್ಲಿ ಕಳೆ ಕಿತ್ತು ನನ್ನನ್ನು ಓದಿಸಿದವಳು ಅವಳು. ಮಡಿಲಲ್ಲಿ ಒಂದು ಬಟ್ಟೆ ಚೀಲವಿತ್ತು.

"ರಾಗಿ ಇಟ್ಟು ತಂದಿವ್ನಿ ಕಣ್ ಮಗ. ಅದ್ರೊಳ್ಗ ನಿಂಗ್ ಇಷ್ಟ ಆಗೋದೂ ಒಸಿ ಅದೆ," ಎಂದು ನಕ್ಕಳು.

ಕೊರಬಾಡನ್ನು ರಾಗಿ ಹಿಟ್ಟಿನೊಳಗೆ ಹೂತು ತರುವುದು ನಮ್ಮ ಕೇರಿಯ ಹೆಂಗಸರ ಉಪಾಯ. ಬಸ್ಸಿನಲ್ಲಿ ಯಾರ ಮೂಗಿಗೂ ಹತ್ತುವುದಿಲ್ಲ. ಹಿಂದೆ ಬರುತ್ತಿದ್ದವಳಿಗೆ ಕೇಳಿಸಿತೇನೋ ಎಂದು ತಿರುಗಿ ನೋಡಿದೆ.

ಮಾರ್ಟಳ್ಳಿಯವಳಿಗೆ ಮಾತ್ರ ಹಬ್ಬ. ಅಮ್ಮಾ ಅಮ್ಮಾ ಎಂದು ಒಳಗೆ ಕರೆದು ಚಾಪೆ ಹಾಸಿದಳು. ಬಾಣಲೆ ತಿಕ್ಕಿ, ಮೊದಲು ನಮ್ಮಿಬ್ಬರ ಶಾವಿಗೆ ಮಾಡಿ ಎರಡು ತಟ್ಟೆಗೆ ಹಾಕಿಕೊಟ್ಟಳು. ಅವ್ವ ಉಣ್ಣಲು ಶುರುಮಾಡದೆ ಆ ಹುಡುಗಿಗೂ ಆಗಲಿ ಎಂದು ಕಾಯುತ್ತ ಕೂತಳು. ಸ್ಟವ್ವಿನ ಮೇಲೆ ಎರಡನೆಯ ಸಲ ಈರುಳ್ಳಿ ಬಿತ್ತು, ಬಾಡು ಬಿತ್ತು. ಅವ್ವನ ಮೂಗು ಅರಳಿತು. ಮುಖವೆಲ್ಲ ನಗುವಾಗಿ ಅವಳು ಚೀಲದ ಗಂಟಿಗೆ ಕೈ ಹಾಕಿದಳು.

ಅಷ್ಟರಲ್ಲಿ ಮಾರ್ಟಳ್ಳಿಯವಳು ಗಾಬರಿಯಿಂದ ತಿರುಗಿದಳು. "ತಪ್ಪು ತಿಳ್ಕಬೇಡಿ ಅಮ್ಮಾ, ಇದು ದನದ್ದು. ವಾಸ್ನೆ ಆಗಾಕಿಲ್ಲ ಅಂದ್ರೆ ಒರಗ್ ಕೂತ್ಕಳಿ. ಅಕ್ಕನೂ ದಿನಾ ಒರಗೇ ಕೂರೋದು. ನೀವು ತಿನ್ನಲ್ಲ ಅಂತ ನಂಗೊತ್ತು."

ಅವ್ವ ನನ್ನ ಮುಖ ನೋಡಿದಳು. ನಾನು ಸ್ಟವ್ವಿನ ಉರಿ ನೋಡಿದೆ.

"ಊಂ ಕಣವ್ವ, ನಾವು ತಿನ್ನಾಕಿಲ್ಲ," ಎಂದಳು ಅವ್ವ. ಗಂಟಿನ ಮೇಲಿದ್ದ ಕೈ ತೆಗೆದು, ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿ, ತಟ್ಟೆ ಎತ್ತಿಕೊಂಡು ಜಗಲಿಗೆ ಹೋದಳು.

ನಾನೂ ಹಿಂದೆಯೇ ಹೋದೆ. "ಗೊತ್ತಾದ್ರೆ ನಿನ್ ಕೆಲ್ಸಕ್ಕ ತೊಂದ್ರೆ ಆಯ್ತದಾ ಮಗ?" ಎಂದು ಪಿಸುಗುಟ್ಟಿದಳು. ಇಲ್ಲ ಎಂದೆ. "ಮತ್ಯಾಕ?" ಎಂದಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು. ನಾನು ಸುಳ್ಳು ಹೇಳಿದಾಗ ಇಷ್ಟು ನೋವಾಗಿರಲಿಲ್ಲ. ಅದೇ ಮಾತನ್ನು ಅವ್ವನ ಬಾಯಿಂದ ಕೇಳಿದಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಒಳಗೆ ಹೋಗಿ ಒಂದೇ ಉಸಿರಿಗೆ ಹೇಳಿದೆ. "ನಾನು ತಿಂತೀನಿ. ನಮ್ಮವ್ವನೂ ತಿಂತದೆ. ನಮ್ ಕೇರೀಲಿ ಎಲ್ರೂ ತಿಂತಾರೆ. ಮೊದಲ್ನೇ ದಿನ ನಿಂಗೆ ಸುಳ್ಳು ಯೋಳ್ದೆ ಕಣೇ."

ನಗುತ್ತಾಳೆ ಎಂದುಕೊಂಡಿದ್ದೆ. ಇಲ್ಲವೇ ಜಾತಿ ಕೇಳುತ್ತಾಳೆ ಎಂದು. ಅವಳು ಎರಡನ್ನೂ ಮಾಡಲಿಲ್ಲ. ಸೌಟು ಕೆಳಗಿಟ್ಟು ತನ್ನ ಅಂಗೈ ನೋಡಿಕೊಂಡಳು.

"ಎರ್ಡು ವರ್ಸ ಅಕ್ಕಾ," ಎಂದಳು. "ನಿಮ್ಗೆ ಅಸಯ್ಯ ಆಯ್ತದೆ ಅಂತ ದಿನಾ ನಿಮ್ದು ಮುಂದ್ಲು ಮಾಡ್ದೆ. ಉಂಡ್ಮೇಲೆ ಸೋಪಾಕಿ ಮೂರ್ ಮೂರ್ ಸಲ ಕೈ ತೊಳ್ಕಂಡೆ, ನಿಮ್ ಪಕ್ಕ ಮಲಗ್ಬೇಕಲ್ಲ ಅಂತ. ನನ್ ಕೈಯೇ ನಂಗೆ ಗಲೀಜು ಅನ್ನುಸ್ತಿತ್ತು. ತಿನ್ನದೋರು ಆಗಿದ್ರೆ ಓಗ್ಲಿ ಅಂತಿದ್ದೆ. ತಿನ್ನೋರೇ ಆಗಿ ನಂಗ್ ಇಂಗ್ ಮಾಡುದ್ರಲ್ಲ!"

ಹಾಸ್ಟೆಲಿನ ಹುಡುಗಿ ಚೊಂಬು ಎತ್ತಿಟ್ಟದ್ದು ಒಂದು ದಿನ. ನಾನು ಇವಳ ಅಡುಗೆಯಿಂದ ಎದ್ದು ಜಗಲಿಗೆ ಹೋಗಿ ಕೂತದ್ದು ಎರಡು ವರ್ಷ. ನನಗೆ ಆದದ್ದನ್ನೇ ನಾನು ಇನ್ನೊಬ್ಬಳಿಗೆ ಮಾಡಿದ್ದೆ, ಅದೂ ನನಗೆ ದಿನಾ ಬೇಯಿಸಿ ಹಾಕಿದವಳಿಗೆ.

ಅವ್ವ ಬಾಗಿಲಿಗೆ ಬಂದು ನಿಂತಿದ್ದಳು. "ತಪ್ಪು ನಂದು ಕಣವ್ವ. ಊರ್ ಬುಟ್ ಓದ್ಮೇಲೆ ಬಾಯ್ ಬುಡಬ್ಯಾಡ ಅಂತ ನಾನೇ ಯೋಳಿದ್ದಿ." ಅವ್ವ ಎಂದೂ ಹಾಗೆ ಹೇಳಿರಲಿಲ್ಲ. ಅರ್ಧ ಗಂಟೆಯೊಳಗೆ ನನಗಾಗಿ ಇದು ಅವಳ ಎರಡನೆಯ ಸುಳ್ಳು.

"ಅವ್ವ ಯೋಳಿಲ್ಲ," ಎಂದೆ.

"ಗೊತ್ತಾಯ್ತು ಬುಡಿ," ಎಂದಳು ಮಾರ್ಟಳ್ಳಿಯವಳು. ಅವ್ವನ ಕೈಯಿಂದ ತಟ್ಟೆ ತೆಗೆದು ಪಕ್ಕಕ್ಕಿಟ್ಟು, ಅವಳ ರಟ್ಟೆ ಹಿಡಿದು ಸ್ಟವ್ವಿನ ಬಳಿ ಕೂರಿಸಿದಳು. ಅವ್ವ ಚೀಲ ಬಿಚ್ಚಿ, ಹಿಟ್ಟು ಕೊಡವಿ ತನ್ನ ಕೊರಬಾಡು ತೋರಿಸಿದಳು. ಉಪ್ಪು ಎಷ್ಟು, ಬಿಸಿಲು ಎಷ್ಟು ದಿನ ಎಂದು ಇಬ್ಬರಿಗೂ ಮಾತು ಹತ್ತಿಕೊಂಡಿತು. ಬಾಣಲೆಯನ್ನು ನಡುವೆ ಇಟ್ಟುಕೊಂಡು ಅದರಿಂದಲೇ ಉಣ್ಣತೊಡಗಿದರು.

"ನಂಗೂ ಒಸಿ," ಎಂದೆ.

"ನಿಮ್ದು ಆಗ್ಲೇ ಮಾಡ್ಕೊಟ್ಟಿವ್ನಲ್ಲ ಅಕ್ಕಾ," ಎಂದಳು, ತಲೆಯೆತ್ತದೆ.

ಅವ್ವ ಒಂದು ತುತ್ತು ಕಲಸಿ ನನ್ನ ಕಡೆ ಚಾಚಿದಳು. ಬೇಡ ಎಂದು ತಲೆಯಾಡಿಸಿದೆ. ಆರಿಹೋಗಿದ್ದ ನನ್ನ ಶಾವಿಗೆಯನ್ನು ಅವರ ಎದುರಿಗೇ ಕೂತು ಒಂದು ಎಳೆ ಬಿಡದೆ ತಿಂದೆ.

ಮಾರನೆಯ ಬೆಳಿಗ್ಗೆ ಅವ್ವ ಊರಿಗೆ ಹೋದಳು. ಆ ವಾರ ಕಳೆಯುವವರೆಗೆ ಮಾರ್ಟಳ್ಳಿಯವಳು ನನ್ನದನ್ನು ಬೇರೆಯಾಗಿಯೇ ಮಾಡಿದಳು. ಶಾಲೆಯ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಕೋಣೆ ಬಿಟ್ಟುಹೋಗುತ್ತಾಳೆ ಎಂದೇ ನಾನು ಎಣಿಸಿದ್ದೆ. ಭಾನುವಾರ ಅವಳು ಊರಿಗೆ ಹೋದಾಗ ಅವಳ ಟ್ರಂಕು ಮೂಲೆಯಲ್ಲಿದೆಯೇ ಎಂದು ಎರಡು ಸಲ ನೋಡಿದೆ. ಸೋಮವಾರ ಸಂಜೆ ಅವಳು ಒಂದೇ ಸಲ ಅಡುಗೆ ಮಾಡಿ, ತಳ ಹಿಡಿದದ್ದನ್ನೂ ಕೆರೆದು ಇಬ್ಬರಿಗೂ ಸಮನಾಗಿ ಬಡಿಸಿದಳು.

"ಉಪ್ಪು ಸಾಕಾ ನೋಡಿ," ಎಂದಳು.

ನಾನು ತಳ ಹಿಡಿದದ್ದನ್ನೇ ಮೊದಲು ಬಾಯಿಗಿಟ್ಟು ನಿಧಾನವಾಗಿ ಅಗಿದೆ. ಅವಳು ಕಾದಳು. ನಾನು ಸಾಕು ಎನ್ನುವವರೆಗೆ ಅವಳು ತನ್ನ ತಟ್ಟೆಗೆ ಕೈ ಹಾಕಲಿಲ್ಲ.